ಸಿಗರೇಟು ಬಿಟ್ಟ ಮೇಲೆ ಮೈ ಕೊಟ್ಟ ಕಾಟ

ಸಿಗರೇಟು ಬಿಟ್ಟರೆ ಸಿಟ್ಟು ಬರುತ್ತದೆ, ತಲೆ ನೋಯುತ್ತದೆ, ಸೇದಬೇಕು ಅಂತ ಮನಸ್ಸು ಎಳೆಯುತ್ತದೆ. ಇಷ್ಟು ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಸಿದ್ಧನಾಗಿದ್ದದ್ದೂ ಇಷ್ಟಕ್ಕೇ. ಹೊಟ್ಟೆ ಕಟ್ಟಿಕೊಳ್ಳುವುದು, ಬಾಯಿ ತುಂಬಾ ಹುಣ್ಣು, ಸೇದುವಾಗ ಇದ್ದದ್ದಕ್ಕಿಂತ ಜಾಸ್ತಿ ಕೆಮ್ಮು, ಒಂದು ಲೋಟ ಕಾಫಿಗೆ ಕೈ ನಡುಗುವುದು, ಇವೆಲ್ಲ ಒಂದಾದ ಮೇಲೊಂದು ಬಂದಾಗ ದಿಕ್ಕೇ ತೋಚಲಿಲ್ಲ. ನಮ್ಮ ಫ್ಯಾಕ್ಟರಿಯಲ್ಲೇ ಒಂದಿಬ್ಬರು ಬಿಟ್ಟು, 'ಬಿಟ್ಟ ಮೇಲೇ ಆರೋಗ್ಯ ಕೆಡ್ತು ಗುರೂ' ಅಂತ ಮತ್ತೆ ಹಚ್ಚಿದ್ದಾರೆ. ಆಗ ನೆಪ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ನೆಪವಲ್ಲ, ಮೈ ನಿಜಕ್ಕೂ ಕೆಡುತ್ತದೆ. ಆದರೆ ಅದು ಕೆಲವು ವಾರಗಳ ಮಾತು, ಮತ್ತು ಹೆಚ್ಚಿನದಕ್ಕೆ ಕಾರಣವೂ ಇದೆ, ಉಪಾಯವೂ ಇದೆ.

ನಾನು ಪೀಣ್ಯದಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರಿನಿಂದ ನಡೆಯುವ ಲೋಹ ಕಡೆಯುವ ಮೆಷಿನ್ನಿನ ಆಪರೇಟರ್. ವಯಸ್ಸು ನಲವತ್ತು ದಾಟಿದೆ. ಡಿಪ್ಲೊಮಾ ಓದುವಾಗ ಹತ್ತಿದ ಚಟ. ದಿನಕ್ಕೆ ಹತ್ತು ಹನ್ನೆರಡು ಕಿಂಗ್, ನೈಟ್ ಶಿಫ್ಟ್ ಇದ್ದರೆ ಇನ್ನೂ ಮೇಲೆ. ಗೇಟಿನ ಎದುರಿಗೇ ಬೇಕರಿ. ಟೀ, ಎಗ್ ಪಫ್, ಸಿಗರೇಟು ಮೂರೂ ಅಲ್ಲೇ, ಹಗ್ಗಕ್ಕೆ ಕಟ್ಟಿದ ಲೈಟರ್ ಕೂಡ. ಬಿಡಿ ಸಿಗರೇಟು ಮಾರಬಾರದು ಅಂತ ಕರ್ನಾಟಕದಲ್ಲಿ 2017ರಲ್ಲೇ ಆದೇಶ ಬಂದಿದೆ. ನಾನಂತೂ ಇಷ್ಟು ವರ್ಷ ಬಿಡಿಯಾಗಿಯೇ ತಗೊಂಡಿದ್ದೇನೆ. ಹಾಗಾಗಿ ಪ್ಯಾಕಿನ ಮೇಲೆ ಏನು ಬರೆದಿರುತ್ತದೆ ಅಂತ ಸರಿಯಾಗಿ ನೋಡಿದವನೇ ಅಲ್ಲ. ಒಂದು ರಾತ್ರಿ ಜೊತೆಯವನ ಪ್ಯಾಕ್ ಕೈಗೆ ಬಂದಾಗ ಅದರ ಮೇಲೆ ಫೋನ್ ನಂಬರ್ ಕಂಡಿತು: 1800-11-2356.

ಇದು ತಂಬಾಕು ಬಿಡುವವರಿಗೆ ಸರ್ಕಾರದ ಸಹಾಯವಾಣಿ. 2018ರಿಂದ ಎಲ್ಲ ಪ್ಯಾಕಿನ ಮೇಲೂ ಅಚ್ಚು ಹಾಕುತ್ತಾರೆ. ಕರೆಗೆ ದುಡ್ಡಿಲ್ಲ. ನಾನು ಮೊದಲು ಮಾಡಿದ್ದು ಸೋಮವಾರ, ಅವತ್ತು ಅವರಿಗೆ ರಜೆ. ಮಂಗಳವಾರದಿಂದ ಭಾನುವಾರದವರೆಗೆ ಬೆಳಗ್ಗೆ 8ರಿಂದ ರಾತ್ರಿ 8ರ ತನಕ ಇರುತ್ತಾರೆ. ಮಾರನೇ ದಿನ ಸಿಕ್ಕರು. ಹಿಂದಿಯಲ್ಲಿ ಮಾತಾಡಬೇಕಾಗುತ್ತದೇನೋ ಅಂತ ಅಳುಕಿತ್ತು. ಭಾಷೆ ಆರಿಸಿಕೊಂಡರೆ ಕನ್ನಡದವರೇ ಮಾತಾಡುತ್ತಾರೆ. ದಕ್ಷಿಣದ ಭಾಷೆಗಳ ಕರೆಗಳನ್ನು ನಮ್ಮ ನಿಮ್ಹಾನ್ಸ್‌ನಲ್ಲೇ ನೋಡಿಕೊಳ್ಳುತ್ತಾರಂತೆ.

ಆ ಕಡೆಯಿದ್ದ ಹೆಣ್ಣುಮಗಳು ಉಪದೇಶ ಮಾಡಲಿಲ್ಲ. ಅದೇ ದೊಡ್ಡ ಸಮಾಧಾನ. "ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು ಹಚ್ತೀರಿ ಸರ್?" ಅಂದರು.

"ಎದ್ದ ತಕ್ಷಣವೇ ಮೇಡಂ. ಅದಿಲ್ಲದಿದ್ದರೆ ಟಾಯ್ಲೆಟ್ಟೇ ಆಗಲ್ಲ."

"ಹಾಗಿದ್ರೆ ಡಾಕ್ಟರ್ ಹತ್ರ ಒಂದ್ಸಲ ತೋರಿಸಿ. ಸಿಗರೇಟಿನ ಬದಲಿಗೆ ಹಾಕ್ಕೊಳ್ಳೋ ನಿಕೋಟಿನ್ ಗಮ್ ಯಾವ ಪವರಿನದು ಬೇಕು ಅಂತ ಅವರು ಹೇಳ್ತಾರೆ."

ಈ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಎದ್ದು ಅರ್ಧ ಗಂಟೆಯೊಳಗೆ ಸೇದುವವರಿಗೆ ನಿಕೋಟಿನ್ ಆಳವಾಗಿ ಹತ್ತಿದೆ ಅಂತ ಲೆಕ್ಕ. ಬಿಡುವ ದಿನ ಗೊತ್ತು ಮಾಡಿಕೊಳ್ಳಿ ಅಂದರು. ಆಮೇಲೆ ಅವರೇ ನಡುನಡುವೆ ಕರೆ ಮಾಡಿ ವಿಚಾರಿಸುತ್ತಿದ್ದರು. ಗೊತ್ತಿಲ್ಲದ ನಂಬರ್ ಅಂತ ಕಟ್ ಮಾಡಬೇಡಿ.

ಡಾಕ್ಟರ್ ಹುಡುಕುವುದೇ ಒಂದು ಕಥೆ. ಸರ್ಕಾರಿ ಆಸ್ಪತ್ರೆಗೆ ಹೋದೆ. ಒಂಬತ್ತು ಗಂಟೆಗೆ ಸಾಲಿನಲ್ಲಿ ನಿಂತು, ಆಧಾರ್ ತೋರಿಸಿ, ಮೊಬೈಲಿಗೆ ಬಂದ ಒಟಿಪಿ ಹೇಳಿ, ಒಪಿಡಿ ಚೀಟಿ ಮಾಡಿಸುವಷ್ಟರಲ್ಲಿ ಹತ್ತೂವರೆ. "ಸಿಗರೇಟು ಬಿಡಬೇಕು" ಅಂದರೆ ಕೌಂಟರಿನವರಿಗೆ ಯಾವ ವಿಭಾಗ ಬರೆಯಬೇಕು ಅಂತಲೇ ಗೊತ್ತಾಗಲಿಲ್ಲ. ಎದೆ ರೋಗದ ವಿಭಾಗ ಅಂತ ಬರೆದರು. ಅಲ್ಲಿಂದ ಮನೋರೋಗ ವಿಭಾಗಕ್ಕೆ ಕಳಿಸಿದರು. ಅಲ್ಲಿ ಒಬ್ಬ ಸಿಸ್ಟರ್, "ತಂಬಾಕಿನದ್ದಾ ಅಣ್ಣ? ಅದು ಹಲ್ಲಿನ ವಿಭಾಗದ ಪಕ್ಕದ ರೂಮು" ಅಂತ ಕೈ ತೋರಿಸಿದರು. ಬಾಗಿಲ ಮೇಲೆ 'ತಂಬಾಕು ವ್ಯಸನಮುಕ್ತ ಕೇಂದ್ರ' ಅಂತ ಬೋರ್ಡಿತ್ತು, ಅದರ ಮುಂದೆ ಅಲ್ಮೆರಾ ನಿಲ್ಲಿಸಿದ್ದರು. ನೀವು ಹೋಗುವುದಾದರೆ ನೇರವಾಗಿ 'ಟಿಸಿಸಿ (ಟೊಬ್ಯಾಕೊ ಸೆಸೇಶನ್ ಸೆಂಟರ್) ಎಲ್ಲಿದೆ' ಅಂತ ಕೇಳಿ. ಒಳಗಿನವರಿಗೆ ಆ ಹೆಸರೇ ಬಾಯಲ್ಲಿರುವುದು. ಡೆಂಟಲ್ ಕಾಲೇಜುಗಳಲ್ಲೂ ಇಂಥ ಕೇಂದ್ರ ಇರುತ್ತದೆ, ಅಲ್ಲಿ ಗಲಾಟೆ ಕಮ್ಮಿ.

ಒಳಗೆ ಹೋದ ಮೇಲೆ ಚೆನ್ನಾಗಿ ನೋಡಿದರು. ಉಸಿರು ಹಿಡಿದು ಒಂದು ಸಣ್ಣ ಯಂತ್ರಕ್ಕೆ ಊದಿಸಿದರು. ಅದು ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್ ತೋರಿಸುತ್ತದೆ. ಸೇದದವರಿಗೆ ಒಂದಂಕಿಯಲ್ಲಿರುತ್ತದಂತೆ, ನನ್ನದು ಇಪ್ಪತ್ತು ದಾಟಿತ್ತು. ದಿನಾ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವವನಿಗೆ ಮಾತಿಗಿಂತ ಅಂಕಿ ಬೇಗ ನಾಟುತ್ತದೆ. ನಾಲ್ಕು ಮಿಲಿಗ್ರಾಂ ನಿಕೋಟಿನ್ ಗಮ್ ಬರೆದುಕೊಟ್ಟರು. ಎರಡು ಮಿಲಿಗ್ರಾಂನದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆಯೂ ಸಿಗುತ್ತದೆ, ನಾಲ್ಕರದ್ದಕ್ಕೆ ಡಾಕ್ಟರ್ ಚೀಟಿ ಬೇಕು. ಚೀಟಿ ಹಿಡಿದು ಹೋದರೂ ಹಲವು ಅಂಗಡಿಯಲ್ಲಿ 'ಎರಡರದ್ದೇ ಇರೋದು, ಎರಡೆರಡು ಹಾಕ್ಕೊಳ್ಳಿ' ಅಂದರು. ಕೊನೆಗೆ ದೊಡ್ಡ ಅಂಗಡಿಯೊಂದರಲ್ಲಿ ಪಾನ್ ರುಚಿಯದು ಸಿಕ್ಕಿತು.

ಗಮ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಇದು ಮಕ್ಕಳು ತಿನ್ನುವ ಬಬಲ್ ಗಮ್ ಥರ ಅಗಿಯುವುದಲ್ಲ. ನಿಧಾನಕ್ಕೆ ನಾಲ್ಕಾರು ಸಲ ಅಗಿದರೆ ನಾಲಗೆ ಚುರುಚುರು ಅನ್ನುತ್ತದೆ. ಆಗ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ಮಧ್ಯೆ ಒತ್ತರಿಸಿ ಇಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ಅಗಿದು, ಬೇರೆ ಜಾಗಕ್ಕೆ. ಹೀಗೆ ಅರ್ಧ ಗಂಟೆ. ನಿಕೋಟಿನ್ ರಕ್ತಕ್ಕೆ ಹೋಗುವುದು ಬಾಯಿಯ ಒಳಚರ್ಮದಿಂದ, ನುಂಗಿದರೆ ಹೊಟ್ಟೆ ಉರಿ ಮತ್ತು ಬಿಕ್ಕಳಿಕೆ. ನಮ್ಮ ಸ್ಟೋರ್ಸಿನ ಹುಡುಗ ಒಬ್ಬ ಇದನ್ನು ಒಂದೇ ಸಮನೆ ಅಗಿದು, ಮಧ್ಯಾಹ್ನವಿಡೀ ಬಿಕ್ಕಳಿಸಿಕೊಂಡು ಇನ್‌ವಾಯ್ಸ್ ಬರೆದಿದ್ದ. ಇನ್ನೊಂದು, ಗಮ್ ಹಾಕುವ ಕಾಲು ಗಂಟೆ ಮೊದಲಿನಿಂದ ಕಾಫಿ, ಜ್ಯೂಸ್, ಸೋಡಾ ಏನೂ ಕುಡಿಯಬಾರದು. ಬಾಯಲ್ಲಿ ಹುಳಿ ಇದ್ದರೆ ಗಮ್ ಕೆಲಸ ಮಾಡುವುದಿಲ್ಲ.

ವೇಪ್, ಅಂದರೆ ಇ-ಸಿಗರೇಟು ಸೇದು, ಸಲೀಸಾಗುತ್ತೆ ಅಂತ ಸಲಹೆ ಕೊಟ್ಟವರೂ ಇದ್ದರು. ಅದು ನಮ್ಮ ದೇಶದಲ್ಲಿ 2019ರಿಂದಲೇ ನಿಷೇಧ. ಮಾತು ಅಲ್ಲಿಗೇ ಮುಗಿಸಿದೆ.

ಬಿಡುವುದಕ್ಕೆ ಶುಕ್ರವಾರ ಆರಿಸಿದೆ. ಎರಡನೇ ಮೂರನೇ ದಿನ ಕಷ್ಟ ಜಾಸ್ತಿ ಅಂತ ಹೇಳಿದ್ದರು, ಆಗ ರಜೆಯಲ್ಲಿರೋಣ ಅಂತ ಲೆಕ್ಕ. "ಓಹೋ, ನಿಮ್ಮ ಸಿಟ್ಟೆಲ್ಲ ಮನೆಯವರಿಗೇ ಇರ್ಲಿ ಅಂತಲಾ ರೀ?" ಅಂದಳು ನನ್ನ ಹೆಂಡತಿ. ಅವಳು ಹೇಳಿದ್ದೇ ಆಯಿತು. ಶನಿವಾರ ಸಂಜೆಯ ಹೊತ್ತಿಗೆ ತಲೆಯ ಸುತ್ತ ಪಟ್ಟಿ ಕಟ್ಟಿ ಬಿಗಿದ ಹಾಗೆ ನೋವು. ಎದ್ದು ನಿಂತರೆ ತಲೆ ಸುತ್ತು. ಕುಕ್ಕರ್ ಸೀಟಿಗೂ ರೇಗಿದೆ. ಸೇದಬೇಕೆನ್ನುವ ಎಳೆತ ಒಂದೊಂದು ಸಲಕ್ಕೆ ಕೆಲವೇ ನಿಮಿಷ, ಆಮೇಲೆ ತಾನಾಗಿ ಇಳಿಯುತ್ತದೆ. ತಣ್ಣೀರು ಕುಡಿದು, ಮೂರು ಮಹಡಿ ಇಳಿದು ಹತ್ತಿದರೆ ಆ ಹೊತ್ತು ಕಳೆಯುತ್ತಿತ್ತು. ಬಾಯಿಗೆ ಏಲಕ್ಕಿ, ಸೋಂಪು. ಇದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಮುಂದೆ ಹೋಗುತ್ತೇನೆ.

ಸೋಮವಾರ ಕೆಲಸಕ್ಕೆ ಹೋದಾಗ ಹೊಸ ತೊಂದರೆ. ಶಾಫ್ಟ್ ಒಂದರ ದಪ್ಪ ಅಳೆಯಲು ಮೈಕ್ರೋಮೀಟರಿನಲ್ಲಿ ಹಿಡಿದು ಓದಲು ನೋಡುತ್ತೇನೆ, ಅದರ ತಿರುಗುವ ಹಿಡಿ (ಥಿಂಬಲ್) ಮೇಲಿನ ಗೆರೆ ನಿಲ್ಲುತ್ತಿಲ್ಲ. ಕೈ ಅದುರುತ್ತಿದೆ. ಎದೆ ಢವಢವ. ಮೂರು ಸಲ ಅಳೆದರೆ ಮೂರು ಅಳತೆ. ಸೂಪರ್‌ವೈಸರ್ ಬಂದು ನೋಡಿ, "ಬಾಸ್, ನೀನಿವತ್ತು ಡಿಬರಿಂಗ್ ಮಾಡು ಹೋಗು" ಅಂತ ಲೋಹದ ಚೂಪು ಅಂಚು ಉಜ್ಜುವ ಬೆಂಚಿಗೆ ಕಳಿಸಿದ. ನಿಕೋಟಿನ್ ಇಲ್ಲದ್ದಕ್ಕೆ ಹೀಗೆ ಅಂದುಕೊಂಡು ಇನ್ನೊಂದು ಕಾಫಿ ಕುಡಿದೆ, ಇನ್ನೂ ಜಾಸ್ತಿಯಾಯಿತು. ಆ ವಾರ ಸಹಾಯವಾಣಿಯಿಂದ ಕರೆ ಬಂದಾಗ ಕೇಳಿದೆ. ದಿನಕ್ಕೆ ಎಷ್ಟು ಕಾಫಿ ಅಂತ ಕೇಳಿ, ಅರ್ಧಕ್ಕೆ ಇಳಿಸಿ ಅಂದರು. ಕಾರಣ ಹೀಗಿದೆ: ಸಿಗರೇಟಿನ ಹೊಗೆಯಲ್ಲಿರುವ ಟಾರು ನಮ್ಮ ಲಿವರ್ ಕಾಫಿಯ ಕೆಫೀನನ್ನು ಬೇಗ ಬೇಗ ಕರಗಿಸುವಂತೆ ಮಾಡಿರುತ್ತದೆ. ಹೊಗೆ ನಿಂತ ಮೇಲೆ ಆ ವೇಗವೂ ಇಳಿಯುತ್ತದೆ. ಕುಡಿಯುವ ಕಾಫಿ ಅಷ್ಟೇ ಇದ್ದರೂ ರಕ್ತದಲ್ಲಿ ಕೆಫೀನ್ ದುಪ್ಪಟ್ಟು ಉಳಿಯುತ್ತದೆ. ಇದು ನಿಕೋಟಿನ್ನಿಂದ ಆಗುವುದಲ್ಲ, ಹಾಗಾಗಿ ಗಮ್ ಹಾಕಿಕೊಂಡರೂ ತಪ್ಪುವುದಿಲ್ಲ. ಬೆಳಗ್ಗೆ ಒಂದು ಪೂರ್ತಿ, ಸಂಜೆ ಬೈಟು, ಅಷ್ಟಕ್ಕೆ ನಿಲ್ಲಿಸಿದೆ. ಎರಡೇ ದಿನದಲ್ಲಿ ಗೆರೆ ನೆಟ್ಟಗೆ ನಿಂತಿತು. ಈ ಒಂದು ವಿಷಯ ಗೊತ್ತಿದ್ದಿದ್ದರೆ ನಮ್ಮ ಫ್ಯಾಕ್ಟರಿಯ ಎಷ್ಟು ಜನ ಬಿಟ್ಟೇ ಬಿಡುತ್ತಿದ್ದರೋ.

ಇದೇ ಕಾರಣಕ್ಕೆ ಕೆಲವು ಮಾತ್ರೆಗಳ ಅಳತೆಯೂ ಬದಲಾಗಬೇಕಾಗುತ್ತದೆ. ಆಸ್ತಮಾಕ್ಕೆ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕ್ಲೊಜಪಿನ್ ಅಥವಾ ಒಲಾಂಜಪಿನ್ ತಗೊಳ್ಳುವವರು ಬಿಡುವ ಮೊದಲೇ ಡಾಕ್ಟರಿಗೆ ತಿಳಿಸಿ. ಕಾರಣ ಬೇರೆಯಾದರೂ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಹಾಕಿಕೊಳ್ಳುವವರೂ ತಿಳಿಸಿ. ತಾವಾಗಿಯೇ ಹೆಚ್ಚು ಕಮ್ಮಿ ಮಾಡಬೇಡಿ.

ಇನ್ನು ಹೊಟ್ಟೆ. ನಾಚಿಕೆ ಬಿಟ್ಟು ಬರೆಯುತ್ತೇನೆ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ. ಇಪ್ಪತ್ತು ವರ್ಷ ಸಿಗರೇಟಿನ ಮೇಲೇ ನಡೆದ ಕರುಳು, ಅದು ನಿಂತ ಕೂಡಲೇ ಮುಷ್ಕರ ಹೂಡಿತು. ದಿನಗಳು ಉರುಳಿದವು, ಏನೂ ಇಲ್ಲ. ಹೊಟ್ಟೆ ಉಬ್ಬರ, ಊಟ ಸೇರದು, ಬೆಲ್ಟಿನ ತೂತು ಒಂದು ಮುಂದೆ. ಬೆಳಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಕೂತರೆ ಹೊರಗಿನಿಂದ ಮಗಳು "ಅಪ್ಪಾ, ಸ್ಕೂಲ್ ಬಸ್ಸು!" ಅಂತ ಬಾಗಿಲು ಬಡಿಯುತ್ತಿದ್ದಳು. ಒಂದೇ ಒಂದು ಸಿಗರೇಟು ಹಚ್ಚಿದರೆ ಎಲ್ಲ ಸಲೀಸು ಅನ್ನುವ ಯೋಚನೆ ಬಂದಿದ್ದು ಬೇರೆ ಯಾವ ಹೊತ್ತಿನಲ್ಲೂ ಅಲ್ಲ, ಆ ಹೊತ್ತಿನಲ್ಲೇ. ನಮ್ಮತ್ತೆ ಊರಿಂದ ಬಂದವರು ಕೇಳಿ, "ಅದಕ್ಕ್ಯಾಕೆ ಡಾಕ್ಟ್ರು?" ಅಂತ ಬೆಳಗ್ಗೆ ರಾಗಿ ಅಂಬಲಿ, ಸಂಜೆ ಪಪ್ಪಾಯ ಶುರು ಮಾಡಿಸಿದರು. ರಾತ್ರಿ ಮಲಗುವಾಗ ಬಿಸಿನೀರಿಗೆ ಇಸಬ್ಗೋಲ್ ಹಾಕಿಕೊಂಡು ಕುಡಿದೆ. ಇಸಬ್ಗೋಲ್ ಕುಡಿದರೆ ನೀರು ಜಾಸ್ತಿ ಕುಡಿಯಲೇಬೇಕು, ಇಲ್ಲದಿದ್ದರೆ ಅದೇ ಗಟ್ಟಿಯಾಗುತ್ತದೆ. ಎದ್ದು ಒಂದು ರೌಂಡ್ ನಡೆದು ಬಂದರೂ ಅನುಕೂಲ. ಸರಿಹೋಗಲು ಎರಡು ವಾರದ ಮೇಲೆ ಹಿಡಿಯಿತು.

ಮೊದಲ ವಾರ ಮುಗಿಯುವ ಹೊತ್ತಿಗೆ ಒಂದು ರಾತ್ರಿ ಹೆದರಿಸಿಯೇ ಬಿಟ್ಟಿತು. ಎದೆಯ ಎಡಭಾಗ ಹಿಡಿದುಕೊಂಡ ಹಾಗೆ. ತೇಗು ಬರುತ್ತಿದೆ, ಬಂದರೂ ಹಗುರಾಗುತ್ತಿಲ್ಲ. ಬೆವರು ಬೇರೆ. ಹೆಂಡತಿ ಪಕ್ಕದ ಮನೆಯವರನ್ನು ಎಬ್ಬಿಸಿದಳು. ಹತ್ತಿರದ ಖಾಸಗಿ ಆಸ್ಪತ್ರೆಗೆ ಓಡಿದೆವು. ಮೊದಲು ಡೆಪಾಸಿಟ್ ಕಟ್ಟಿ ಅಂದರು. ಇಎಸ್‌ಐ ಕಾರ್ಡ್ ಇಲ್ಲಿ ನಡೆಯಲ್ಲ ಅಂದರು. ಇಸಿಜಿ ತೆಗೆದು, ರಕ್ತ ತಗೊಂಡು, ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಬೇಕು ಅಂತ ಮಲಗಿಸಿದರು. ಎರಡು ರಿಪೋರ್ಟಿನ ನಡುವಿನ ಆ ಕಾಯುವಿಕೆ ಇದೆಯಲ್ಲ, ಅದನ್ನು ಯಾರಿಗೂ ಹಾರೈಸುವುದಿಲ್ಲ. ಹೆಂಡತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಾನಿಟರ್ ಕಡೆಗೇ ನೋಡುತ್ತಿದ್ದಳು. ನಾನು ಪರದೆಯ ಮೇಲಿನ ಹೂವುಗಳನ್ನು ಎಣಿಸಿದೆ. ಬೆಳಗಿನ ಜಾವ ಡ್ಯೂಟಿ ಡಾಕ್ಟರ್ ಬಂದು, "ಹಾರ್ಟ್ ಚೆನ್ನಾಗಿದೆ. ಗ್ಯಾಸು, ಜೊತೆಗೆ ಕೆಮ್ಮಿ ಕೆಮ್ಮಿ ಎದೆಯ ಸ್ನಾಯು ನೋಯ್ತಿದೆ. ಸಿಗರೇಟು ಬಿಟ್ಟವರಿಗೆ ಎದೆ ಬಿಗಿಯೋದುಂಟು. ಆದರೂ ಬಂದಿದ್ದು ಒಳ್ಳೇದು ಮಾಡಿದ್ರಿ" ಅಂದರು. ಬಿಲ್ಲು ನಾಲ್ಕು ಸಾವಿರದ ಮೇಲೆ.

ಇದರಲ್ಲಿ ಎರಡು ಮಾತು. ಎದೆ ನೋವು ಬಂದರೆ 'ಸಿಗರೇಟು ಬಿಟ್ಟಿದ್ದಕ್ಕೆ' ಅಂತ ನೀವೇ ತೀರ್ಮಾನ ಮಾಡಿ ಮನೆಯಲ್ಲಿ ಕೂರಬೇಡಿ. ವರ್ಷಗಟ್ಟಲೆ ಸೇದಿದ ಹೃದಯ ಅದು. ನೋವು ಎಡಗೈಗೋ ದವಡೆಗೋ ಹರಡಿದರೆ, ಉಸಿರು ಕಟ್ಟಿದರೆ ಒಂದು ಕ್ಷಣವೂ ತಡ ಮಾಡಬೇಡಿ. ಇನ್ನೊಂದು, ದುಡ್ಡಿನ ಚಿಂತೆ ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ಉಚಿತವಾಗಿ ತೆಗೆಯುತ್ತಾರೆ. ಅದನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುವ ವ್ಯವಸ್ಥೆ ಇದೆ. ನನಗೆ ಇದು ತಿಳಿದದ್ದು ಬಿಲ್ಲು ಕಟ್ಟಿದ ಮೇಲೆ.

ಎರಡನೇ ವಾರ ಬಾಯಿ ಹುಣ್ಣು. ನಾಲಗೆಯ ಅಂಚಿನಲ್ಲೊಂದು, ಕೆಳದುಟಿಯ ಒಳಗೆ ಜೋಡಿ. ಸಾಂಬಾರು, ಚಟ್ನಿ, ಉಪ್ಪಿನಕಾಯಿ ಯಾವುದೂ ಆಗದು. ಗಮ್ ಇಟ್ಟುಕೊಂಡರೆ ಅದೂ ಉರಿ. 'ಉಷ್ಣ' ಅಂದರು ಅತ್ತೆ. ಟಿಸಿಸಿ ಡಾಕ್ಟರ್ ಮಾತ್ರ, ಸಿಗರೇಟು ಬಿಟ್ಟ ಹೊಸತರಲ್ಲಿ ಹುಣ್ಣು ಏಳುವುದು ಮಾಮೂಲು, ತಾನಾಗಿ ವಾಸಿಯಾಗುತ್ತದೆ ಅಂದರು. ಮೊಸರನ್ನ, ಮಜ್ಜಿಗೆ, ಹುಣ್ಣಿನ ಮೇಲೆ ಸ್ವಲ್ಪ ತುಪ್ಪ, ಊಟಕ್ಕೆ ಮೊದಲು ಮೆಡಿಕಲ್ ಶಾಪಿನ ಮರಗಟ್ಟಿಸುವ ಜೆಲ್. ಗಮ್ಮನ್ನು ಹುಣ್ಣಿಲ್ಲದ ಕಡೆಗೆ ಇಟ್ಟುಕೊಂಡೆ. ಡಾಕ್ಟರ್ ಒತ್ತಿ ಹೇಳಿದ ಮಾತು: ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ನೋವಿಲ್ಲದಿದ್ದರೂ ಹಲ್ಲಿನ ಡಾಕ್ಟರಿಗೆ ತೋರಿಸಲೇಬೇಕು. ತಂಬಾಕು ಮುಟ್ಟಿದ ಬಾಯಿ ಅದು, ಉಷ್ಣ ಅಂತ ಬಿಡುವಂತಿಲ್ಲ.

ಕೆಮ್ಮಿನದು ವಿಚಿತ್ರ. ಸೇದುವಾಗ ಬೆಳಗ್ಗೆ ಒಂದಿಷ್ಟು ಕೆಮ್ಮಿ ಮುಗಿಯುತ್ತಿತ್ತು. ಬಿಟ್ಟ ಮೇಲೆ ದಿನವಿಡೀ. ಕಂದು ಬಣ್ಣದ ಕಫ. ಶ್ವಾಸನಾಳದ ಒಳಗೆ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ಸಣ್ಣ ರೋಮಗಳಿರುತ್ತವೆ. ಹೊಗೆ ಅವನ್ನು ಕೆಲಸ ಮಾಡಲು ಬಿಟ್ಟಿರುವುದಿಲ್ಲ. ಈಗ ಚೇತರಿಸಿಕೊಂಡು, ಒಳಗೆ ಕೂತದ್ದನ್ನೆಲ್ಲ ಹೊರಗೆ ಹಾಕುತ್ತವೆ. ಬಿಸಿನೀರು, ರಾತ್ರಿ ಹಬೆ, ಅಷ್ಟೇ ಮಾಡಿದ್ದು. ಕೆಮ್ಮು ನಿಲ್ಲಿಸುವ ಸಿರಪ್ ಬೇಡ ಅಂದಿದ್ದರು, ಕಫ ಹೊರಗೆ ಬರಲಿ ಅಂತ. ಆದರೆ ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡುತ್ತಾರೆ, ಟಿಬಿ ಇಲ್ಲ ಅಂತ ಖಾತ್ರಿಗೆ. ನನಗೂ ಮಾಡಿಸಿದರು, ದುಡ್ಡು ತಗೊಳ್ಳಲಿಲ್ಲ. ಏನೂ ಇರಲಿಲ್ಲ. ಕಫದಲ್ಲಿ ರಕ್ತ ಕಂಡರೆ ಎರಡು ವಾರ ಕಾಯುವ ಮಾತೇ ಇಲ್ಲ.

ನಿದ್ದೆ ಸುಮಾರು ಮೂರು ವಾರ ಕೆಟ್ಟಿತ್ತು. ಮಧ್ಯರಾತ್ರಿ ಎಚ್ಚರ. ಕನಸಿನಲ್ಲಿ ಸಿಗರೇಟು ಸೇದಿ, ಎದ್ದು ಬಾಯಿ ಮೂಸಿ ನೋಡಿಕೊಂಡಿದ್ದೂ ಇದೆ. ಸಂಜೆಯ ಆ ಬೈಟು ಕಾಫಿಯನ್ನೂ ನಿಲ್ಲಿಸಿದ ಮೇಲೆ ಸುಧಾರಿಸಿತು. ಹಸಿವು ಮಾತ್ರ ಸುಧಾರಿಸುವ ಲಕ್ಷಣವಿಲ್ಲ. ಬಾಯಿಗೆ ರುಚಿ ವಾಪಸ್ ಬಂದಿದೆ, ಒಗ್ಗರಣೆಯ ಕರಿಬೇವು ಬೀದಿಯಿಂದಲೇ ಗೊತ್ತಾಗುತ್ತದೆ, ಹಾಗಾಗಿ ಮುದ್ದೆ ಒಂದರ ಜಾಗದಲ್ಲಿ ಎರಡು. ಮೂಗು ಚುರುಕಾದ ಮೇಲೆ ನನ್ನ ಹೆಲ್ಮೆಟ್ಟನ್ನು ನಾನೇ ಹಾಕಿಕೊಳ್ಳಲು ಆಗಲಿಲ್ಲ. ಒಳಗಿನ ಸ್ಪಂಜಿನಲ್ಲಿ ಹಳೇ ಹೊಗೆ, ಬೆವರು ಸೇರಿ ಹಳಸಿದ ವಾಸನೆ. ಪಾರ್ಕಿಂಗಿನಲ್ಲಿ ನಿಂತು ಮೂಸಿ, ಹಾಗೇ ಕೈಯಲ್ಲಿ ಹಿಡಿದು ನಿಂತೆ. ಇದನ್ನೇ ಮಗಳು ಗಾಡಿಯ ಹಿಂದೆ ಕೂತು ಮೂಸುತ್ತಿದ್ದಳಲ್ಲ. ಸೋಪು ನೀರಿನಲ್ಲಿ ತೊಳೆದರೂ ಹೋಗಲಿಲ್ಲ, ಹೊಸದು ತಂದೆ.

ಖರ್ಚಿನ ವಿಷಯ ಎಲ್ಲರೂ ಕೇಳುತ್ತಾರೆ. ಗಮ್ ಹತ್ತರ ಸ್ಟ್ರಿಪ್ಪಿಗೆ ನೂರರ ಆಸುಪಾಸು ಬೀಳುತ್ತದೆ, ಬ್ರ್ಯಾಂಡು ಪವರು ನೋಡಿ ಹೆಚ್ಚು ಕಮ್ಮಿ. ಮೊದಲ ತಿಂಗಳು ಅದಕ್ಕೇ ಮೂರು ಸಾವಿರದ ಹತ್ತಿರ ಹೋಯಿತು. ಸಿಗರೇಟಿಗೆ ತಿಂಗಳಿಗೆ ಆರು ಸಾವಿರದ ಮೇಲೆ ಹೋಗುತ್ತಿತ್ತು ಅಂತ ಬಿಟ್ಟ ಮೇಲೇ ಕೂತು ಲೆಕ್ಕ ಹಾಕಿದ್ದು. ಕೆಲವು ಸರ್ಕಾರಿ ಕೇಂದ್ರಗಳಲ್ಲಿ ಗಮ್ ಸುಮ್ಮನೆ ಕೊಡುತ್ತಾರೆ, ದಾಸ್ತಾನು ಇದ್ದರೆ. ಕೇಳುವುದರಲ್ಲಿ ಏನೂ ಹೋಗುವುದಿಲ್ಲ.

ಮೂರು ತಿಂಗಳ ಮೇಲಾಯಿತು. ಬೆಳಗಿನ ಕೆಮ್ಮು ಸ್ವಲ್ಪ ಉಳಿದಿದೆ. ಗಮ್ ನಾಲ್ಕರಿಂದ ಎರಡಕ್ಕೆ ಇಳಿಸಿ, ಈಗ ಟೀ ಬ್ರೇಕಿನಲ್ಲಿ ಮಾತ್ರ ಒಂದು, ಅದೂ ಟೀ ಮುಗಿದು ಕಾಲು ಗಂಟೆ ಆದ ಮೇಲೆ. ಬೇಕರಿಗೆ ಈಗಲೂ ಹೋಗುತ್ತೇನೆ. ಮೊದಲೆರಡು ವಾರ ಹೋಗಿರಲಿಲ್ಲ, ನೀವೂ ಹೋಗಬೇಡಿ. ಮತ್ತೆ ಹೋದ ದಿನ ಬೇಕರಿಯ ಅಣ್ಣ ಅಭ್ಯಾಸದ ಮೇಲೆ ಟೀ ಜೊತೆ ಒಂದು ಕಿಂಗ್ ತೆಗೆದಿಟ್ಟರು. ಬಿಟ್ಟಿದ್ದೀನಿ ಅಂದೆ. ಅವರು ಅದನ್ನು ಡಬ್ಬಿಗೆ ವಾಪಸ್ ಹಾಕಿ, "ಹಂಗಾದ್ರೆ ಪಫ್ ಬಿಸಿ ಇದೆ, ಕೊಡ್ಲಾ?" ಅಂದರು. ಪ್ಯಾಂಟು ಆಲ್ಟರ್ ಮಾಡಿಸಬೇಕಾಗಿ ಬಂದಿರುವುದು ಹೀಗೆ.